ಬೆಲೆಯಿಲ್ಲದ ವಸ್ತುವನ್ನು ಯಾರು ಒಯ್ಯುತ್ತಾರೆ? ದಾವಣಗೆರೆಯ ಇ-ತ್ಯಾಜ್ಯ ಸಂಗ್ರಹ ಸೇವೆಯೊಂದರ ವಿಮರ್ಶೆ

ದಾವಣಗೆರೆಯಲ್ಲಿ ಕೆಟ್ಟ ಮಿಕ್ಸಿಯನ್ನೋ ಸುಟ್ಟ ನೀರಿನ ಮೋಟಾರನ್ನೋ ಮನೆಯಿಂದ ಸಾಗಹಾಕುವುದು ಎಂದೂ ಕಷ್ಟದ ಕೆಲಸವಾಗಿರಲಿಲ್ಲ. ಬೆಳಗಿನ ತಿಂಡಿಯ ಹೊತ್ತಿಗೆ ಗುಜರಿಯ ತಳ್ಳುಗಾಡಿ ಬೀದಿಗೆ ಬರುತ್ತದೆ, ಗಾಡಿಯವರು ವಸ್ತುವನ್ನು ಕೈಯಲ್ಲಿ ಎತ್ತಿ ನೋಡಿ ಒಳಗಿರುವುದು ತಾಮ್ರದ ತಂತಿಯೋ ಅಲ್ಯೂಮಿನಿಯಂ ತಂತಿಯೋ ಎಂದು ಅಂದಾಜು ಮಾಡುತ್ತಾರೆ, ಒಂದಿಷ್ಟು ಚೌಕಾಸಿಯಾಗಿ ವ್ಯವಹಾರ ಮುಗಿಯುತ್ತದೆ. ಕಷ್ಟವಿರುವುದು ಅದೇ ಗಾಡಿಯವರು ಪಕ್ಕಕ್ಕೆ ಸರಿಸಿ ಹೋಗುವ ವಸ್ತುಗಳಲ್ಲಿ. ಗೋಡೆ ಗಡಿಯಾರದ ಮುಗಿದ ಸೆಲ್ಲುಗಳು, ಉರಿಯದ ಟ್ಯೂಬ್‌ಲೈಟುಗಳು, ಡಬ್ಬಾ ಟಿವಿಯ ಗಾಜು, ಹೊಟ್ಟೆ ಉಬ್ಬಿದ ಮೊಬೈಲ್ ಬ್ಯಾಟರಿ, ಒಡೆದ ರಿಮೋಟುಗಳು ಇವಕ್ಕೆ ತಕ್ಕಡಿಯಲ್ಲಿ ಬೆಲೆಯಿಲ್ಲ. ಹಾಗಾಗಿ ಇವು ಹಸಿ ಕಸದ ಜೊತೆಗೋ ಖಾಲಿ ಸೈಟಿಗೋ ಸೇರುತ್ತವೆ. ಎಲ್ಲ ಬಗೆಯ ಎಲೆಕ್ಟ್ರಿಕ್ ಸಾಮಾನು ತೆಗೆದುಕೊಳ್ಳುತ್ತೇವೆ ಎಂದು ಫಲಕ ಹಾಕಿಕೊಂಡ ಯಾವುದೇ ಸೇವೆಯನ್ನು ತೂಗಿ ನೋಡಬೇಕಾದದ್ದು ಇಂಥ ವಸ್ತುಗಳ ವಿಷಯದಲ್ಲಿಯೇ. ತಾಮ್ರವೂ ಸೀಸವೂ ಯಾರ ಕೈಗೆ ಸಿಕ್ಕರೂ ಕೊನೆಗೆ ಕುಲುಮೆಗೆ ಹೋಗುತ್ತವೆ.

ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಪರವಾಗಿ ದೀಪಾವಳಿಯ ಮನೆ ಸ್ವಚ್ಛತೆಯ ಸಮಯದಲ್ಲಿ ನಾವು ಕರೆಸಿದ್ದು ಹಳೇ ಪಿ.ಬಿ. ರಸ್ತೆಯ ಕಡೆ ಗೋದಾಮು ಇಟ್ಟುಕೊಂಡಿರುವ ಒಂದು ಸಣ್ಣ ಸಂಗ್ರಹ ಕೇಂದ್ರವನ್ನು. ಮೆಚ್ಚುಗೆಯ ಜೊತೆಗೆ ಕೊರತೆಗಳನ್ನೂ ಬರೆಯಲಿರುವುದರಿಂದ ಅದರ ಹೆಸರನ್ನು ಇಲ್ಲಿ ಹಾಕುತ್ತಿಲ್ಲ. ಊರಿನವರಿಗೆ ಹೆಸರಿಲ್ಲದೆಯೂ ಗುರುತು ಸಿಕ್ಕೀತು. ಕೆಲಸದ ರೀತಿ ಸರಳವಾಗಿದೆ. ಮೊದಲು ಫೋನಿನಲ್ಲಿ ವಸ್ತುಗಳ ಪಟ್ಟಿಯನ್ನು ಕೇಳುತ್ತಾರೆ, ಬೇಕಾದರೆ ಫೋಟೋ ಕಳಿಸಲು ಹೇಳುತ್ತಾರೆ, ಒಟ್ಟು ಸಾಮಾನು ಒಂದು ಲಗೇಜ್ ಆಟೋ ತುಂಬುವಷ್ಟಿದ್ದರೆ ತಾವೇ ಬರುತ್ತಾರೆ, ಇಲ್ಲವಾದರೆ ಗೋದಾಮಿಗೆ ತಂದುಕೊಡಬೇಕು. ಒಂದೇ ಮನೆಯಿಂದ ಅಷ್ಟು ಸಾಮಾನು ಹೊರಡುವುದು ಅಪರೂಪವಾದ್ದರಿಂದ ನಾಲ್ಕಾರು ಮನೆಯವರು ಕೂಡಿ ಕರೆಸುವುದು ಲೇಸು. ಬರುವ ದಿನವನ್ನು ಅವರೇ ಗೊತ್ತು ಮಾಡಿ, ಅವರೇ ಎರಡು ಸಲ ಮುಂದಕ್ಕೆ ಹಾಕಿದರು. ಹಬ್ಬದ ಹೊತ್ತಿನಲ್ಲಿ ಅಂಗಳದ ತುಂಬ ಹಳೇ ಟಿವಿಗಳನ್ನು ಜೋಡಿಸಿಕೊಂಡು ಕಾಯುವುದು ಹಿತವಾದ ಅನುಭವವಲ್ಲ.

ಸೇವೆಯ ಗುಣದೋಷಕ್ಕೆ ಹೋಗುವ ಮೊದಲು ಕಾನೂನಿನ ಒಂದು ವಿಷಯವನ್ನು ಹೇಳಲೇಬೇಕು, ಏಕೆಂದರೆ ಇಂಥ ಕೇಂದ್ರಗಳು ಗೋಡೆಗೆ ತೂಗುಹಾಕುವ ಪ್ರಮಾಣಪತ್ರಗಳನ್ನು ಓದುವುದಕ್ಕೆ ಅದು ಬೇಕಾಗುತ್ತದೆ. ಕೇಂದ್ರ ಸರ್ಕಾರದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2022ರ ನವೆಂಬರ್‌ನಲ್ಲಿ ಪ್ರಕಟವಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಹಿಂದೆ 21 ಬಗೆಯ ಉಪಕರಣಗಳಿದ್ದ ಪಟ್ಟಿ ಈಗ 106ಕ್ಕೆ ಏರಿದೆ. ಈ ನಿಯಮಗಳಡಿ ನೋಂದಣಿ ಇರುವುದು ತಯಾರಕರು, ಉತ್ಪಾದಕರು (ತಮ್ಮ ಹೆಸರಿನಲ್ಲಿ ಮಾರುವ ಅಥವಾ ಆಮದು ಮಾಡುವ ಕಂಪನಿಗಳು), ದುರಸ್ತಿ ಮಾಡಿ ಮರುಮಾರಾಟಕ್ಕೆ ಸಿದ್ಧಪಡಿಸುವವರು ಮತ್ತು ಮರುಬಳಕೆದಾರರು ಎಂಬ ನಾಲ್ಕು ವರ್ಗಗಳಿಗೆ ಮಾತ್ರ. ಕೇವಲ ಸಂಗ್ರಹಿಸುವವರಿಗೆ ಪ್ರತ್ಯೇಕ ವರ್ಗವಿಲ್ಲ. ಅವರು ಆ ನಾಲ್ವರಲ್ಲಿ ಯಾರದಾದರೂ ಪರವಾಗಿ ಕೆಲಸ ಮಾಡುವವರು. ಆದ್ದರಿಂದ ಸಂಗ್ರಹ ಕೇಂದ್ರದವರನ್ನು ‘ನಿಮಗೆ ಲೈಸೆನ್ಸ್ ಇದೆಯೇ’ ಎಂದು ಕೇಳುವುದಕ್ಕಿಂತ ‘ನೀವು ಯಾವ ನೋಂದಾಯಿತ ಮರುಬಳಕೆ ಘಟಕಕ್ಕೆ ಕಳಿಸುತ್ತೀರಿ, ಒಪ್ಪಂದದ ಪ್ರತಿ ತೋರಿಸಿ’ ಎಂದು ಕೇಳುವುದು ಸರಿ. ನಾವು ಹಾಗೆಯೇ ಕೇಳಿದೆವು. ವ್ಯವಸ್ಥಾಪಕರು ಮುಖ ಗಂಟಿಕ್ಕದೆ ಬೆಂಗಳೂರು ಕಡೆಯ ಘಟಕವೊಂದರ ಒಪ್ಪಂದಪತ್ರವನ್ನು ತೆಗೆದು ತೋರಿಸಿದರು. ಆ ಘಟಕದ ಹೆಸರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದ ನೋಂದಾಯಿತರ ಪಟ್ಟಿಯಲ್ಲಿ ಸಿಕ್ಕಿತು. ಗೋಡೆಯ ಮೇಲಿದ್ದ ಬಣ್ಣಬಣ್ಣದ ಇತರ ಪ್ರಶಸ್ತಿಪತ್ರಗಳಿಗಿಂತ ಆ ಒಂದು ಹಾಳೆಗೆ ಹೆಚ್ಚು ಬೆಲೆ.

ಇಂಥ ಸರಕು ದಾವಣಗೆರೆಯಿಂದ ಹೊರಟು ಹೆದ್ದಾರಿ 48ರಲ್ಲಿ ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ಬೆಂಗಳೂರಿನ ದಿಕ್ಕಿಗೇ ಹೋಗುವುದು ಸಹಜ. ದೇಶದ ಮೊದಲ ಇ-ತ್ಯಾಜ್ಯ ಮರುಬಳಕೆ ಘಟಕವೆಂದು ಹೆಸರಾದ ಇ-ಪರಿಸರ 2005ರಲ್ಲಿ ಆರಂಭವಾದದ್ದು ಅದೇ ಹೆದ್ದಾರಿಯ ಮೇಲಿನ ದಾಬಸ್‌ಪೇಟೆಯಲ್ಲಿ. ಆದರೆ ಸಾಗಣೆಯ ಈ ದೂರಕ್ಕೆ ಡೀಸೆಲ್ ಖರ್ಚಿದೆ, ಮತ್ತು ಆ ಖರ್ಚನ್ನು ಯಾರೋ ಒಬ್ಬರು ಭರಿಸಬೇಕು. ನಮ್ಮ ಬೀದಿಯ ಗುಜರಿಯವರು ಕೊಡುವುದಕ್ಕಿಂತ ಈ ಕೇಂದ್ರದವರು ಕಡಿಮೆ ಕೊಡುವುದಕ್ಕೆ ಇದೂ ಒಂದು ಕಾರಣವೆಂಬುದನ್ನು ಒಪ್ಪಬಹುದು. ಇನ್ನೊಂದು ಕಾರಣವನ್ನು ಟಿವಿಗಳ ವಿಷಯ ಬಂದಾಗ ಅವರ ಬಾಯಿಂದಲೇ ಕೇಳಿದೆವು.

ಬಂದವರು ಇಬ್ಬರು ಹುಡುಗರು ಮತ್ತು ವ್ಯವಸ್ಥಾಪಕರು. ಅವರು ಮೊದಲು ಕೈಹಾಕಿದ್ದು ದೊಡ್ಡ ಸಾಮಾನುಗಳಿಗಲ್ಲ, ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ನಾವು ಒಟ್ಟುಹಾಕಿದ್ದ ಮೊಬೈಲ್ ಬ್ಯಾಟರಿಗಳಿಗೆ. ಒಬ್ಬ ಹುಡುಗ ಅವನ್ನು ಒಣ ಚೀಲದ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ, ಕಪ್ಪು ಇನ್ಸುಲೇಷನ್ ಟೇಪನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ಪ್ರತಿಯೊಂದರ ಚಿನ್ನದ ಬಣ್ಣದ ತುದಿಗಳ ಮೇಲೆ ಅಂಟಿಸುತ್ತ ಹೋದ. ಕೆಲವರು ವಿನಾಕಾರಣದ ಶಿಸ್ತು ಎಂದುಕೊಂಡಾರು, ಹಾಗಲ್ಲ. ಲಿಥಿಯಂ-ಅಯಾನ್ ಬ್ಯಾಟರಿ ಮುಗಿದಂತೆ ಕಂಡರೂ ಅದರಲ್ಲಿ ಉಳಿಕೆ ವಿದ್ಯುತ್ತು ಇರುತ್ತದೆ. ಡಬ್ಬಿಯೊಳಗೆ ಒಂದು ಬೀಗದ ಕೈಯೋ ನಾಣ್ಯವೋ ಎರಡು ತುದಿಗಳನ್ನು ಕೂಡಿಸಿದರೆ ಶಾರ್ಟ್ ಆಗಿ ಕಾವೇರುತ್ತದೆ, ಕಾವು ಒಂದು ಮಟ್ಟ ಮೀರಿದರೆ ಒಳಗಿನ ರಾಸಾಯನಿಕ ಕ್ರಿಯೆ ತಾನೇ ತಾನಾಗಿ ಶಾಖವನ್ನು ಹೆಚ್ಚಿಸಿಕೊಳ್ಳುತ್ತ ಹೋಗಿ ಬೆಂಕಿ ಹತ್ತುತ್ತದೆ, ಮತ್ತು ಅಕ್ಕಪಕ್ಕದ ಬ್ಯಾಟರಿಗಳಿಗೂ ಅದು ಹಬ್ಬುತ್ತದೆ. ಕಸದ ಲಾರಿಗಳಲ್ಲಿ, ಗುಜರಿ ಗೋದಾಮುಗಳಲ್ಲಿ ಕಾರಣ ತಿಳಿಯದೆ ಹೊತ್ತಿಕೊಳ್ಳುವ ಬೆಂಕಿಗಳಲ್ಲಿ ಕೆಲವಕ್ಕೆ ಮೂಲ ಇಂಥ ಬ್ಯಾಟರಿಗಳೇ. ಹೊಟ್ಟೆ ಉಬ್ಬಿದ್ದ ಒಂದನ್ನು ನಾನು ಬೆರಳಿನಿಂದ ಒತ್ತಿ ನೋಡಲು ಹೋದಾಗ ಆ ಹುಡುಗ, "ಒತ್ತಬ್ಯಾಡ್ರಿ ಸರ್, ಒಳಗ ಗ್ಯಾಸ್ ಐತಿ" ಎಂದು ತಡೆದು, ಅದನ್ನು ಒಣ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿ ಬೇರೆಯಾಗಿ ಇಟ್ಟ. ಇಡೀ ಸೇವೆಯಲ್ಲಿ ನನಗೆ ಅತ್ಯಂತ ಹಿಡಿಸಿದ ಭಾಗವಿದು. ಈ ಬ್ಯಾಟರಿಗಳಿಗಾಗಿ ಅವರು ನಮಗೆ ಒಂದು ಪೈಸೆಯನ್ನೂ ಕೊಡಲಿಲ್ಲ, ನಾವೂ ಕೇಳಲಿಲ್ಲ.

ಡಬ್ಬಾ ಟಿವಿಗಳ ಸರದಿ ಬಂದಾಗ ಎದುರು ಮನೆಯ ಅಜ್ಜಿ ತಮ್ಮ ಟಿವಿಗೆ ರೊಕ್ಕ ಕೊಡುವುದಿಲ್ಲವೆಂಬುದನ್ನು ಕೇಳಿ ತಕರಾರು ತೆಗೆದರು. ಗುಜರಿಯವರಾದರೂ ಏನೋ ಒಂದಿಷ್ಟು ಕೊಡುತ್ತಾರೆ, ನೀವು ಪುಕ್ಕಟೆ ಒಯ್ಯುವವರು ಎಂಬುದು ಅವರ ವಾದ. ವ್ಯವಸ್ಥಾಪಕರ ಉತ್ತರ ಚುಟುಕಾಗಿತ್ತು: "ಅಜ್ಜಿ, ಇದನ್ನ ಒಡದ್ರೆ ರೊಕ್ಕ, ಒಡೀದಿದ್ರೆ ಖರ್ಚು." ಆ ಮಾತಿನಲ್ಲಿ ಇಡೀ ವ್ಯಾಪಾರದ ಲೆಕ್ಕವಿದೆ. ಹಳೆಯ ಟಿವಿಯ ಚಿತ್ರಕೊಳವೆಯ ಕತ್ತಿನ ಸುತ್ತ ತಾಮ್ರದ ಸುರುಳಿಯೊಂದು ಇರುತ್ತದೆ. ಬೀದಿಯಲ್ಲಿ ಟಿವಿ ಕೊಳ್ಳುವವರಿಗೆ ಬೇಕಾದದ್ದು ಆ ಸುರುಳಿ, ಒಂದಿಷ್ಟು ತಂತಿ ಮತ್ತು ಒಳಗಿನ ಬೋರ್ಡು. ಕತ್ತನ್ನು ಮುರಿದು ಅಷ್ಟನ್ನು ಕಿತ್ತುಕೊಂಡ ಮೇಲೆ ಉಳಿಯುವ ಗಾಜು ಯಾರಿಗೂ ಬೇಡ. ಕೊಳವೆಯ ಹಿಂಬದಿಯ ಆಲಿಕೆಯಂಥ ಭಾಗದ ಗಾಜಿನಲ್ಲಿ ಕ್ಷಕಿರಣಗಳನ್ನು ತಡೆಯಲೆಂದು ಸೀಸದ ಆಕ್ಸೈಡನ್ನು ತೂಕದಲ್ಲಿ ಸುಮಾರು ಐದನೇ ಒಂದು ಪಾಲಿನಷ್ಟು ಬೆರೆಸಿರುತ್ತಾರೆ, ಮುಂಬದಿಯ ಗಾಜಿನ ಒಳಮೈಗೆ ಹೊಳಪುಪುಡಿಯ ಲೇಪವಿರುತ್ತದೆ. ಒಳಗೆ ನಿರ್ವಾತವಿರುವುದರಿಂದ ಒಡೆಯುವಾಗ ಗಾಜು ಒಳಕ್ಕೆ ಸಿಡಿದು ಚೂರುಗಳು ಹಾರುತ್ತವೆ. ಒಡೆಯದೆ ಇಡಿಯಾಗಿ ಒಯ್ದು, ಎರಡು ಬಗೆಯ ಗಾಜನ್ನು ಬೇರೆ ಮಾಡಿ, ಪುಡಿಯನ್ನು ಹೀರಿ ತೆಗೆಯುವ ಘಟಕಕ್ಕೆ ಮುಟ್ಟಿಸುವುದಕ್ಕೆ ಹಣ ಬೇಕು. ಸಿಗುವುದು ಬಹಳ ಕಡಿಮೆ. ಅಜ್ಜಿ ಕೊನೆಗೆ ಟಿವಿಯನ್ನು ಕೊಟ್ಟರು, ಅದರ ಮರದ ಸ್ಟ್ಯಾಂಡನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಈ ಕೇಂದ್ರದ ಒಂದು ನಿಯಮ ಮೊದಲಿಗೆ ವಿಚಿತ್ರವಾಗಿ ಕಂಡೀತು. ಪ್ಲಗ್ಗಿನ ತಂತಿಯನ್ನು ಕತ್ತರಿಸಿದ, ಕಂಪ್ರೆಸರ್ ಬಿಚ್ಚಿದ, ಬೋರ್ಡು ತೆಗೆದ ಸಾಮಾನನ್ನು ಅವರು ಹಿಂದಕ್ಕೆ ಸರಿಸುತ್ತಾರೆ, ತೆಗೆದುಕೊಂಡರೂ ಕಿಲೋ ದರವನ್ನು ಇಳಿಸುತ್ತಾರೆ. ಬೆಲೆಬಾಳುವುದನ್ನು ಗುಜರಿಗೆ ಮಾರಿಕೊಂಡು ಸಿಪ್ಪೆಯನ್ನು ತಮ್ಮ ತಲೆಗೆ ಕಟ್ಟುವವರಿಂದ ಪಾರಾಗಲು ಇದು ಬೇಕು ಎಂಬುದು ಅವರ ವಿವರಣೆ, ಮತ್ತು ಅದರಲ್ಲಿ ನ್ಯಾಯವಿದೆ. ಒಂದು ಉಪಕರಣದೊಳಗಿನ ತಾಮ್ರವೇ ಅದೇ ಉಪಕರಣದ ಪ್ಲಾಸ್ಟಿಕ್ಕಿನ, ಗಾಜಿನ ವಿಲೇವಾರಿಯ ಖರ್ಚನ್ನು ಹೊರಬೇಕು. ಉತ್ಪಾದಕರ ವಿಸ್ತೃತ ಹೊಣೆಗಾರಿಕೆ (ಮಾರಿದ ಸಾಮಾನು ಹಳತಾದ ಮೇಲೆ ಅದರ ಮರುಬಳಕೆಯೂ ಕಂಪನಿಯ ಹೊಣೆ ಎಂಬ ಕಟ್ಟಳೆ) ಎಂಬ ಹೆಸರಿನಲ್ಲಿ ಕಂಪನಿಗಳು ಮರುಬಳಕೆದಾರರಿಂದ ಕೊಳ್ಳಬೇಕಾದ ಪ್ರಮಾಣಪತ್ರಗಳೂ ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಎಂಬ ನಾಲ್ಕು ಲೋಹಗಳ ಲೆಕ್ಕದಲ್ಲೇ ಹುಟ್ಟುತ್ತವೆ. ಗಾಜು, ಪ್ಲಾಸ್ಟಿಕ್ಕು ಆ ಲೆಕ್ಕದಲ್ಲಿ ಇಲ್ಲ. ಹೀಗಿರುವಾಗ ಅವನ್ನೂ ಜವಾಬ್ದಾರಿಯಿಂದ ಒಯ್ಯುವವರಿದ್ದರೆ ಅದು ಅವರ ಶಿಸ್ತೇ ಹೊರತು ಲಾಭದ ಒತ್ತಡವಲ್ಲ.

ಇನ್ವರ್ಟರ್ ಬ್ಯಾಟರಿಯ ವಿಷಯದಲ್ಲಿ ಮಾತ್ರ ನಾನು ಈ ಸೇವೆಯನ್ನು ಶಿಫಾರಸು ಮಾಡುವುದಿಲ್ಲ. ಬೆಸ್ಕಾಂನ ಕರೆಂಟು ಹೋಗಿ ಬಂದು ಮಾಡುವ ಊರಿನಲ್ಲಿ ಎಷ್ಟೋ ಮನೆಗಳಲ್ಲಿ ಟ್ಯೂಬ್ಯುಲರ್ ಎಂಬ ಬಗೆಯ ಸೀಸದ ಬ್ಯಾಟರಿ ಇದೆ. 150 ಆಂಪಿಯರ್-ಅವರ್‌ನದಾದರೆ ಆಸಿಡ್ಡು ಸೇರಿ 50 ಕಿಲೋಗೂ ಮೇಲ್ಪಟ್ಟು ತೂಗುತ್ತದೆ, ಮತ್ತು ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ವಿತರಕರಿಗೇ ಕೊಟ್ಟರೆ ಬಿಲ್ಲಿನಲ್ಲಿ ನೇರವಾಗಿ ಕಡಿತ ಸಿಗುತ್ತದೆ, ಹಾಗೂ ಕಂಪನಿಯ ಮೂಲಕ ಅದು ನೋಂದಾಯಿತ ಸೀಸದ ಕುಲುಮೆಗೆ ಹೋಗುತ್ತದೆ. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು 2022ರಲ್ಲಿ ಬಂದಿದ್ದರೂ ಸೀಸದ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಕಟ್ಟಳೆ 2001ರ ನಿಯಮಗಳ ಕಾಲದಿಂದಲೇ ಇರುವುದರಿಂದ ಈ ದಾರಿ ಚೆನ್ನಾಗಿ ಸವೆದಿದೆ. ನಮ್ಮ ಕೇಂದ್ರದವರು ಹೇಳಿದ ದರ ವಿತರಕರ ಕಡಿತಕ್ಕಿಂತ ಕಣ್ಣಿಗೆ ಬೀಳುವಷ್ಟು ಕಡಿಮೆ ಇತ್ತು. ಸಂಘದ ಸದಸ್ಯರೊಬ್ಬರು ತಮ್ಮ ಬ್ಯಾಟರಿಯನ್ನು ಹಿಂದಕ್ಕೆ ಒಯ್ದರು, ಅವರು ಮಾಡಿದ್ದು ಸರಿ. ಆದರೆ ಎರಡನೇ ಮಾತನ್ನೂ ಸೇರಿಸಬೇಕು. ವಿತರಕರಿಗಿಂತಲೂ ಹೆಚ್ಚು ಕೊಡುತ್ತೇನೆಂದು ಮನೆಬಾಗಿಲಿಗೆ ಬರುವವರಿಗೆ ಕೊಡಬಾರದು. ಅಲ್ಲಿ ಹೆಚ್ಚುವರಿ ಹಣ ಹುಟ್ಟುವುದು ಆಸಿಡ್ಡನ್ನು ಚರಂಡಿಗೆ ಸುರಿದು, ಪೆಟ್ಟಿಗೆಯನ್ನು ಕೊಡಲಿಯಲ್ಲಿ ಸೀಳಿ, ತಟ್ಟೆಗಳನ್ನು ಬಯಲಿನಲ್ಲೇ ಕರಗಿಸುವುದರಿಂದ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಲೋಹ; ಸೌದೆ ಒಲೆಯೂ ಸಾಕಾಗುತ್ತದೆ ಎನ್ನುವುದೇ ಅಪಾಯ. ಅದರ ಹೊಗೆ ಮತ್ತು ಬೂದಿಯಿಂದ ಸುತ್ತಲಿನ ಮಕ್ಕಳ ರಕ್ತಕ್ಕೆ ಸೇರುವ ಸೀಸ ಮೆದುಳಿನ ಬೆಳವಣಿಗೆಗೆ ಅಡ್ಡಿಯಾಗುತ್ತದೆ, ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಅದಕ್ಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚಾರ್ಜು ಮಾಡುವ ಹಳೇ ಟಾರ್ಚುಗಳಲ್ಲಿ, ಎಮರ್ಜೆನ್ಸಿ ಲೈಟುಗಳಲ್ಲಿ ಇರುವ ಪುಟ್ಟ ಬ್ಯಾಟರಿಯೂ ಎಷ್ಟೋ ಸಲ ಸೀಸದ್ದೇ ಎಂಬುದು ಹಲವರಿಗೆ ತಿಳಿದಿಲ್ಲ. ಅವನ್ನು ವಿತರಕರು ತೆಗೆದುಕೊಳ್ಳುವುದಿಲ್ಲ, ಈ ಕೇಂದ್ರದವರು ತೆಗೆದುಕೊಂಡರು.

ಇನ್ನು ಸೆಲ್ಲುಗಳು. ಇಲ್ಲಿ ನನ್ನ ದೂರು ಗಟ್ಟಿಯಾಗಿದೆ. ಟಾರ್ಚಿನ ದಪ್ಪ ಸೆಲ್ಲು, ಗಡಿಯಾರದ ಮತ್ತು ರಿಮೋಟಿನ ಪೆನ್ ಸೆಲ್ಲು, ಮಕ್ಕಳ ಆಟಿಕೆಯ ಗುಂಡಿ ಸೆಲ್ಲು ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದುಕೊಂಡರು. ಸಾಮಾನ್ಯ ಸೆಲ್ಲಿನ ಹೊರಕವಚ ಸತುವಿನದು, ಒಳಗೆ ಮ್ಯಾಂಗನೀಸ್ ಡೈ ಆಕ್ಸೈಡಿನ ಕಪ್ಪು ಪುಡಿ ಮತ್ತು ನಡುವೆ ಇಂಗಾಲದ ಕಡ್ಡಿ. ಹಳತಾದಂತೆ ಸತು ಸವೆದು ತೂತಾಗಿ ಅಂಟು ದ್ರವ ಹೊರಬರುತ್ತದೆ. ನಾಣ್ಯದಂತಿರುವ ಲಿಥಿಯಂ ಸೆಲ್ಲಿನ ಸ್ವಭಾವವೇ ಬೇರೆ. ಅದು 3 ವೋಲ್ಟಿನದು. ಮುಗಿದ ಮೇಲೂ ಮಗುವಿನ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು, ಚೀಲದಲ್ಲಿ ಬೇರೆ ಸೆಲ್ಲುಗಳಿಗೆ ತಾಗಿದರೆ ಶಾರ್ಟ್ ಆಗಬಲ್ಲದು. ಮೊಬೈಲ್ ಬ್ಯಾಟರಿಗಳಿಗೆ ಅಷ್ಟು ಶ್ರದ್ಧೆಯಿಂದ ಟೇಪು ಅಂಟಿಸಿದವರು ಇವಕ್ಕೆ ಏಕೆ ಅಂಟಿಸಲಿಲ್ಲವೆಂದು ಕೇಳಿದ್ದಕ್ಕೆ ಸರಿಯಾದ ಉತ್ತರ ಬರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಕೊನೆಗೆ ಕೊಟ್ಟ ರಸೀತಿಯಲ್ಲಿ ಸೆಲ್ಲುಗಳ ತೂಕವೇ ನಮೂದಾಗಿರಲಿಲ್ಲ. ಕೈಯಲ್ಲಿ ಹಿಡಿದು ಬಳಸುವ ಸಣ್ಣ ಬ್ಯಾಟರಿಗಳಿಂದ ಮರಳಿ ಪಡೆಯಬೇಕಾದ ವಸ್ತುವಿನ ಕನಿಷ್ಠ ಪ್ರಮಾಣವನ್ನು ಬ್ಯಾಟರಿ ನಿಯಮಗಳು 2024-25ರಲ್ಲಿ ಶೇಕಡ 70, ಮರುವರ್ಷ 80, 2026-27ರಿಂದ 90 ಎಂದು ಗೊತ್ತುಮಾಡಿವೆ. ಲೆಕ್ಕಕ್ಕೇ ಬಾರದ ಚೀಲದ ಸೆಲ್ಲುಗಳು ಆ ಶೇಕಡಾವಾರಿನೊಳಗೆ ಬರುವುದು ಹೇಗೆ? ನಾವು ಪಟ್ಟು ಹಿಡಿದ ಮೇಲೆ ಚೀಲವನ್ನು ತೂಗಿ ರಸೀತಿಯ ಕೆಳಗೆ ಕೈಬರಹದಲ್ಲಿ ಸೇರಿಸಿದರು. ಕೇಳುವವರಿಗೆ ಮಾತ್ರ ಬರೆದುಕೊಡುವ ಪದ್ಧತಿಯಾದರೆ ಅದು ಪದ್ಧತಿಯಲ್ಲ.

ಟ್ಯೂಬ್‌ಲೈಟುಗಳಲ್ಲಿ ಅರ್ಧ ಗೆಲುವು. ಎಲ್‌ಇಡಿ ಬಂದ ಮೇಲೆ ಉದ್ದ ಟ್ಯೂಬುಗಳೂ ಸುರುಳಿ ಸಿಎಫ್‌ಎಲ್‌ಗಳೂ ಮನೆಮನೆಯ ಅಟ್ಟ ಸೇರಿವೆ. ಪ್ರತಿಯೊಂದರಲ್ಲೂ ಕೆಲವು ಮಿಲಿಗ್ರಾಂ ಪಾದರಸವಿದ್ದು, ಒಡೆದರೆ ಆವಿಯಾಗಿ ಉಸಿರಿಗೆ ಸೇರುತ್ತದೆ. ರಟ್ಟಿನ ಕವಚದಲ್ಲಿ ಇಟ್ಟಿದ್ದನ್ನು ತೆಗೆದುಕೊಂಡರು, ಬಿಡಿ ಟ್ಯೂಬುಗಳನ್ನು ಬಿಟ್ಟು ಹೋದರು. ಹೆದ್ದಾರಿಯ ಕುಲುಕಾಟಕ್ಕೆ ಒಡೆಯುತ್ತವೆ ಎಂಬ ಕಾರಣ ಸರಿ. ಆದರೆ ಫೋನಿನಲ್ಲಿ ಪಟ್ಟಿ ಕೇಳಿದವರು ಇದನ್ನೂ ಅಂದೇ ಹೇಳಬಹುದಿತ್ತು.

ಫ್ರಿಜ್ಜು, ಎಸಿಗಳ ವಿಷಯದಲ್ಲಿ ನಾನು ವಿಶೇಷವಾಗಿ ಗಮನಿಸಿದ್ದು ಅನಿಲವನ್ನು. ಗುಜರಿ ಅಂಗಡಿಯಲ್ಲಿ ಫ್ರಿಜ್ಜನ್ನು ಬಿಚ್ಚುವುದನ್ನು ನೋಡಿದವರಿಗೆ ಗೊತ್ತಿರುತ್ತದೆ: ಕಂಪ್ರೆಸರಿಗೆ ಹೋಗುವ ಸಣ್ಣ ತಾಮ್ರದ ಕೊಳವೆಯನ್ನು ಕಟಿಂಗ್ ಪ್ಲೇಯರಿನಲ್ಲಿ ಚಿವುಟಿದ ಕೂಡಲೇ ‘ಸುಯ್’ ಎಂಬ ಸದ್ದು, ಅರ್ಧ ನಿಮಿಷದಲ್ಲಿ ಎಲ್ಲವೂ ಗಾಳಿಗೆ. ತೀರ ಹಳೆಯ ಫ್ರಿಜ್ಜಿನಲ್ಲಿದ್ದ ಅನಿಲ ಓಜೋನ್ ಪದರವನ್ನು ತಿನ್ನುವಂಥದ್ದೆಂದು 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಹಂತಹಂತವಾಗಿ ಕೈಬಿಡಲಾಯಿತು. ಆನಂತರ ಬಂದ ಆರ್-134ಎ ಓಜೋನಿಗೆ ಕೆಡುಕಲ್ಲದಿದ್ದರೂ ಭೂಮಿಯ ಬಿಸಿಯೇರಿಸುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ಈಗಿನ ಹಲವು ಫ್ರಿಜ್ಜುಗಳ ಆರ್-600ಎ ಎಂದರೆ ಐಸೋಬ್ಯೂಟೇನ್, ಅಡುಗೆ ಅನಿಲದ ಬಳಗದ್ದು, ಕಿಡಿ ತಾಗಿದರೆ ಹೊತ್ತಿಕೊಳ್ಳುವಂಥದ್ದು. ಈ ಕೇಂದ್ರದವರು ಫ್ರಿಜ್ಜನ್ನು ನಿಲ್ಲಿಸಿದಂತೆಯೇ ಹಗ್ಗ ಬಿಗಿದು ಕೊಳವೆಗೆ ಕೈಹಚ್ಚದೆ ಸಾಗಿಸಿದರು. ಘಟಕದಲ್ಲಿ ಅನಿಲವನ್ನು ಸಿಲಿಂಡರಿಗೆ ಹೀರಿಕೊಳ್ಳುವ ಯಂತ್ರವಿದೆಯೆಂದು ಹೇಳಿ ಅದರ ವಿಡಿಯೊ ತೋರಿಸಿದರು.

ದತ್ತಾಂಶದ ಬಗ್ಗೆ ಅವರ ಸೇವೆ ದುರ್ಬಲ. ಹಾರ್ಡ್‌ಡಿಸ್ಕಿಗೆ ರಂಧ್ರ ಕೊರೆದು ನಾಶಪಡಿಸುವುದಾಗಿ ಭರವಸೆ ಇದೆ, ನಮ್ಮ ಕಣ್ಣೆದುರು ಮಾಡುವ ವ್ಯವಸ್ಥೆ ಇಲ್ಲ. ಮೊಬೈಲ್ ಕೊಡುವ ಮುನ್ನ ಖಾತೆಯಿಂದ ಹೊರಬಂದು, ಫ್ಯಾಕ್ಟರಿ ರೀಸೆಟ್ ಮಾಡಿ, ಸಿಮ್ಮನ್ನೂ ಮೆಮೊರಿ ಕಾರ್ಡನ್ನೂ ತೆಗೆದುಕೊಳ್ಳಬೇಕು. ಕಂಪ್ಯೂಟರಿನ ಡಿಸ್ಕನ್ನು ನಾವೇ ಕಳಚಿ ಇಟ್ಟುಕೊಂಡೆವು. ಲೆಕ್ಕಪರಿಶೋಧಕರು, ವೈದ್ಯರು, ಸಹಕಾರ ಸಂಘದವರು ಇದನ್ನು ಗಮನಿಸಬೇಕು.

ತೂಕದ ಯಂತ್ರ ಎಲೆಕ್ಟ್ರಾನಿಕ್. ಪ್ರತಿ ಸಲ ಸೊನ್ನೆಗೆ ತಂದು, ಅಂಕಿಯನ್ನು ನಮಗೆ ತೋರಿಸಿಯೇ ಬರೆದುಕೊಂಡರು. ಈ ಪ್ರಾಮಾಣಿಕತೆಗೆ ಪೂರ್ಣ ಅಂಕ. ಅಂದೇ ಕೊಟ್ಟ ರಸೀತಿಯಲ್ಲಿ ವರ್ಗವಾರು ತೂಕವಿತ್ತು. ಆದರೆ ಮರುಬಳಕೆ ಘಟಕದಿಂದ ಬರಬೇಕಾದ ಪ್ರಮಾಣಪತ್ರ ಬಹಳ ತಡವಾಗಿ, ಹಲವು ಸಲ ನೆನಪಿಸಿದ ಮೇಲೆ ಬಂತು, ಮತ್ತು ಅದರಲ್ಲಿ ಎಲ್ಲವನ್ನೂ ಸೇರಿಸಿ ಒಂದೇ ಒಟ್ಟು ತೂಕ. ವರ್ಷವೊಂದರಲ್ಲಿ ಪಟ್ಟಿಯಲ್ಲಿರುವ ಉಪಕರಣಗಳನ್ನು ಕನಿಷ್ಠ 1000ದಷ್ಟು ಬಳಸುವ ಸಂಸ್ಥೆಗಳನ್ನು ನಿಯಮಗಳು ಬೃಹತ್ ಗ್ರಾಹಕರೆಂದು ಕರೆದು, ನೋಂದಾಯಿತರಿಗೇ ಒಪ್ಪಿಸಬೇಕೆಂದು ಕಡ್ಡಾಯ ಮಾಡಿವೆ. ಇಷ್ಟೊಂದು ಕಾಲೇಜು, ಆಸ್ಪತ್ರೆಗಳಿರುವ ಈ ಊರಿನಲ್ಲಿ ಆ ಮಿತಿಗೆ ಬರುವವರು ಕಡಿಮೆಯೇನಿಲ್ಲ. ಅಂಥವರಿಗೆ ಈ ಒಟ್ಟು ತೂಕದ ಹಾಳೆ ಸಾಲದು, ವಸ್ತುವಾರು ವಿವರ ಬೇಕಾಗುತ್ತದೆ. ಬಡಾವಣೆಯ ಸಂಘಕ್ಕೆ ಸಾಕು.

ಗುಜರಿಯವರನ್ನು ಹೀಗಳೆಯುವುದು ಈ ಬರಹದ ಉದ್ದೇಶವಲ್ಲ. ಈ ಊರಿನ ಅಷ್ಟೂ ಹಳೇ ಕಬ್ಬಿಣ, ಹಳೇ ಪೇಪರು ಅವರ ತಳ್ಳುಗಾಡಿಯ ಮೇಲೆಯೇ ಸಾಗಿದೆ. ಒಂದು ಮೋಟಾರನ್ನು ಕಿವಿಗೆ ಹಿಡಿದು ತಿರುಗಿಸಿ ಬೇರಿಂಗ್ ಹೋಗಿದೆಯೋ ಕಾಯಿಲ್ ಸುಟ್ಟಿದೆಯೋ ಹೇಳುವವರು ಅವರಲ್ಲಿದ್ದಾರೆ. ತಂತಿ ಸುಟ್ಟು ತಾಮ್ರ ತೆಗೆಯುವಾಗ ಪಿವಿಸಿ ಹೊಗೆಯನ್ನು ಮೊದಲು ಕುಡಿಯುವವರೂ ಅವರೇ. ಈ ಸಂಗ್ರಹ ಕೇಂದ್ರ ಅವರಿಂದಲೂ ಕೊಳ್ಳುತ್ತದೆಯೇ ಎಂದು ಕೇಳಿದೆ. ಬೋರ್ಡುಗಳನ್ನು, ಇಡಿಯಾದ ಟಿವಿಗಳನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾರಂತೆ, ಒಡೆದದ್ದನ್ನು ಮುಟ್ಟುವುದಿಲ್ಲವಂತೆ. ಇದು ಬೆಳೆದರೆ ಒಳ್ಳೆಯದು. ಇಡಿಯಾಗಿ ತಂದರೆ ಹೆಚ್ಚು ಬೆಲೆ ಎಂದಾದ ದಿನ ಬೀದಿಯಲ್ಲಿ ಟಿವಿ ಒಡೆಯುವುದು ತಾನಾಗಿಯೇ ನಿಲ್ಲುತ್ತದೆ.

ಎಲ್ಲಕ್ಕೂ ಮೊದಲು ದುರಸ್ತಿಯ ಪ್ರಶ್ನೆಯಿದೆ, ಮತ್ತು ಇದರಲ್ಲಿ ಕೇಂದ್ರದವರು ತಮ್ಮ ಲಾಭಕ್ಕೆ ವಿರುದ್ಧವಾಗಿಯೂ ನೇರವಾಗಿ ಮಾತನಾಡಿದರು. ನಮ್ಮ ರಾಶಿಯಲ್ಲಿದ್ದ ಒಂದು ಟೇಬಲ್‌ಟಾಪ್ ಗ್ರೈಂಡರನ್ನು ನೋಡಿ, ಇದರ ಬೆಲ್ಟು ಮಾತ್ರ ಹೋಗಿದೆ, ಹೊಸದು ಹಾಕಿಸಿ ಎಂದು ಹಿಂದಿರುಗಿಸಿದರು. ಬೋರ್‌ವೆಲ್ ಮೋಟಾರುಗಳ ನಾಡಾದ ನಮ್ಮಲ್ಲಿ ರೀವೈಂಡಿಂಗ್ ಅಂಗಡಿಗಳಿಗೆ ಬರವಿಲ್ಲ. ಮಿಕ್ಸಿಯ ಕಾರ್ಬನ್ ಬ್ರಷ್ಷು, ಸೀಲಿಂಗ್ ಫ್ಯಾನಿನ ಕೆಪಾಸಿಟರ್, ಸ್ಟಾರ್ಟರಿನ ಕಾಯಿಲ್ ಬದಲಿಸಿಕೊಡುವವರು ಪೇಟೆಯ ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಮೈಕ್ರೋವೇವ್ ಒಲೆಯನ್ನು ಮಾತ್ರ ಅರೆತಿಳಿವಿನವರು ಬಿಚ್ಚಕೂಡದು, ಪ್ಲಗ್ಗು ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ ಪ್ರಾಣಕ್ಕೆ ಎರವಾಗುವಷ್ಟು ವಿದ್ಯುತ್ತು ಉಳಿದಿರುತ್ತದೆ.

ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯವರಿಗೆ ಈ ಸೇವೆ ಸದ್ಯಕ್ಕೆ ಕೈಗೆಟುಕುವಂಥದ್ದಲ್ಲ. ಗಾಡಿ ನಗರದ ಗಡಿ ದಾಟುವುದಿಲ್ಲ, ತೋಟದ ಮನೆಯ ಹಳೇ ಸ್ಟಾರ್ಟರ್ ಪೆಟ್ಟಿಗೆಗಾಗಿ ಅಷ್ಟು ದೂರ ಬರುವುದು ಅವರಿಗೂ ಕಟ್ಟುವುದಿಲ್ಲ. ಊರಿಗೊಂದು ಕಡೆ, ಸಹಕಾರ ಸಂಘದ ಕಟ್ಟಡದಲ್ಲೋ ಶಾಲೆಯಲ್ಲೋ ಒಟ್ಟುಹಾಕಿ ತಿಳಿಸಿದರೆ ಬರಬಹುದು ಎಂದಷ್ಟೇ ಹೇಳಿದರು. ಅದನ್ನು ಮಾತಿನ ಮಟ್ಟಕ್ಕೆ ಇಟ್ಟುಕೊಳ್ಳೋಣ. ಭಾನುವಾರ ಗೋದಾಮು ಮುಚ್ಚಿರುತ್ತದೆ ಎಂಬುದು ಕೆಲಸಕ್ಕೆ ಹೋಗುವವರಿಗೆ ತೊಡಕು.

ಒಟ್ಟಿನಲ್ಲಿ ಐದಕ್ಕೆ ಮೂರೂವರೆ ಅಂಕ. ಟಿವಿ, ಫ್ರಿಜ್ಜು, ಮೊಬೈಲ್, ಕಂಪ್ಯೂಟರ್, ತಂತಿಗಳ ರಾಶಿಗೆ ಕಣ್ಣುಮುಚ್ಚಿ ಕರೆಸಬಹುದು. ಇನ್ವರ್ಟರ್ ಬ್ಯಾಟರಿ ವಿತರಕರಿಗೇ ಹೋಗಲಿ. ಸೆಲ್ಲು ಕೊಡುವವರು ಗುಂಡಿ ಸೆಲ್ಲುಗಳಿಗೆ ಮನೆಯಲ್ಲೇ ಟೇಪು ಸುತ್ತಿ, ರಸೀತಿಯಲ್ಲಿ ತೂಕ ಬರೆಸಿಕೊಂಡೇ ಕೊಡಬೇಕು. ದಸರೆಯಿಂದ ದೀಪಾವಳಿಯವರೆಗೆ ಇವರ ಗಾಡಿಗೆ ಬಿಡುವಿರುವುದಿಲ್ಲವಾದ್ದರಿಂದ ಆ ಹೊತ್ತಿಗೆ ಮುಂಚೆಯೋ ಆಮೇಲೆಯೋ ಫೋನ್ ಮಾಡುವುದು ಉತ್ತಮ, ಮತ್ತು ಹೊಸ ಟ್ಯೂಬ್‌ಲೈಟು ತಂದವರು ಅದರ ರಟ್ಟಿನ ಕವಚವನ್ನು ಹಳೆಯದಕ್ಕಾಗಿ ಎತ್ತಿಡಬೇಕು.